ಮೆತ್ತಗೆ ಬೀಳುವ ಹೆಂಟೆ

ಅಮೃತಪ್ಪನ ಕೈಗುರಿಯ ಮಾತು ಬಂದರೆ ಕಾಸಾರಶಿರಸಿಯ ಕಡೆಯವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಸಂತೆಯ ಹುಣಸೆಮರಕ್ಕೆ ಕಟ್ಟಿದ್ದ ಗಡಿಗೆಯನ್ನು ಅವನು ಎಷ್ಟೋ ದೂರದಿಂದ ಕವಣೆ ಬೀಸಿ ಒಡೆದನಂತೆ. ಹಕ್ಕಿ ಕಾಯಲು ಅವನು ಹೊಲದ ಅಟ್ಟದ ಮೇಲೆ ನಿಂತ ವರ್ಷ ಒಂದು ತೆನೆಗೂ ಗಿಳಿಯ ಕೊಕ್ಕು ತಾಗಲಿಲ್ಲವಂತೆ. ಇರಲಿ, ಸುಳ್ಳೇನಲ್ಲ. ಆದರೆ ಒಡೆದದ್ದನ್ನಷ್ಟೇ ನೆನಪಿಟ್ಟುಕೊಳ್ಳುವ ಈ ಜನರ ಚಾಳಿ ನನಗೆ ಸರಿಬರುವುದಿಲ್ಲ. ಅಮೃತಪ್ಪ ಹಲ್ಲು ಕಚ್ಚಿಕೊಂಡು ಕಲಿತ ಎಸೆತ ಒಂದೇ ಒಂದು. ಅದು ಏನನ್ನೂ ಒಡೆಯುವುದಿಲ್ಲ, ಯಾರಿಗೂ ತಾಗುವುದಿಲ್ಲ. ಕಲಿಸಿದವಳು ಅವನ ಹೆಂಡತಿ. ಅದಕ್ಕೇ ಇರಬೇಕು, ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಆಗ ನಿಜಾಮರ ಅಮಲು. ದೊಡ್ಡ ಜ್ವರ ಊರೂರನ್ನು ಬಳಿದುಕೊಂಡು ಹೋದ ವರ್ಷ ಉದಗೀರದ ಹತ್ತಿರ ಕುರಿ ಸಾಕಿಕೊಂಡಿದ್ದ ಮಾಳವ್ವನ ಗಂಡನೂ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಇದ್ದವಳು ಅಂಜನಾಬಾಯಿ ಒಬ್ಬಳೇ. ಹಿಂಡು ದೊಡ್ಡದು, ಅದರ ಮುಂದೆ ನಿಲ್ಲಲು ಒಬ್ಬ ಗಂಡಸು ಬೇಕು. ಮಾಳವ್ವ ಕಾಸಾರಶಿರಸಿಗೆ ಹೋಗಿ ತನ್ನ ತಮ್ಮನ ಮಗ ಅಮೃತಪ್ಪನನ್ನು ಮನೆ ಅಳಿಯನನ್ನಾಗಿ ಮಾಡಿಕೊಂಡು ಬಂದಳು. ಗಡಿಗೆ ಒಡೆದವನು ಅಂತ ಕೇಳಿಯೇ ತಂದಳು ಅನ್ನುವುದನ್ನು ಮರೆಯಬಾರದು. ಮುಂದೆ ಆದದ್ದರಲ್ಲಿ ಆಕೆಯ ಪಾಲೂ ಇಷ್ಟು ಇದೆ.

ಆ ಕುರಿಗಾರರ ಬದುಕು ನಡೆದಾಡುವ ಬದುಕು. ಹೆಸರು, ಉದ್ದು ಕಿತ್ತುಕೊಂಡ ಹೊಲಗಳಲ್ಲಿ ಒಕ್ಕಲಿಗರು ಕುರಿ ತರುಬಿಸುತ್ತಾರೆ. ಕುರಿ ರಾತ್ರಿ ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಜೋಳ. ತೊಂದರೆ ಇರುವುದು ಬದುವಿನ ಆಚೆ. ಅಲ್ಲಿ ಹಿಂಗಾರಿ ಜೋಳ ಹಸಿರಾಗಿ ನಿಂತಿರುತ್ತದೆ. ಮುಂದಿನ ಟಗರು ಒಂದು ಸಲ ಬದು ದಾಟಿತೆಂದರೆ ಹಿಂಡೆಲ್ಲ ಅದರ ಹಿಂದೆ. ಒಕ್ಕಲಿಗನ ಬೆಳೆಯೂ ಹೋಯಿತು, ಎಳೆ ಜೋಳ ತಿಂದ ಕುರಿ ಉಬ್ಬಿ ಸತ್ತರೆ ಕುರಿಯೂ ಹೋಯಿತು. ಓಡಿಹೋಗಿ ತಿರುಗಿಸೋಣವೆಂದರೆ ಕುರಿ ಬೆದರಿ ಇನ್ನೂ ಮುಂದಕ್ಕೇ ನುಗ್ಗುತ್ತದೆ. ಅದಕ್ಕಾಗಿ ನಿಂತಲ್ಲಿಂದಲೇ ಒಂದು ಮಣ್ಣಿನ ಹೆಂಟೆಯನ್ನು ಅದರ ಮೂತಿಯ ಮುಂದೆ ಬೀಳುವಂತೆ ಎಸೆಯುತ್ತಾರೆ. ಟಗರು ಗಕ್ಕನೆ ನಿಂತು ಹೊರಳುತ್ತದೆ, ಹಿಂಡೂ ಹೊರಳುತ್ತದೆ.

ಅಮೃತಪ್ಪ ಬಂದ ಹೊಸದರಲ್ಲಿ ಜಳಕೋಟದ ಹತ್ತಿರ ಹೀಗೇ ಒಂದು ಬದುವಿನ ಕಡೆ ಹಿಂಡು ಜಗ್ಗಿತು. ಅವನು ಒಣಗಿದ ಎರೆಮಣ್ಣಿನ ಹೆಂಟೆ ಎತ್ತಿಕೊಂಡ. ಬೆರಳ ತುದಿಯಲ್ಲಿ ಹಿಡಿದ, ಕವಣೆಗಾರನ ರೂಢಿಯಂತೆ ಮಣಿಕಟ್ಟು ಝಾಡಿಸಿ ಬಿಟ್ಟ. ಎರೆಮಣ್ಣು ಒಣಗಿದರೆ ಕಲ್ಲಿಗೂ ಅದಕ್ಕೂ ಫರಕು ಇಲ್ಲ. ಟಗರು ತಲೆ ತಗ್ಗಿಸಿತು, ಹೆಂಟೆ ಅದರ ಆಚೆ ಇದ್ದ ಗಬ್ಬದ ಕುರಿಯ ಪಕ್ಕೆಗೆ ಹೋಗಿ ಬಡಿಯಿತು. ಕುರಿ ಕಾಲು ಮಡಚಿ ಕೂತಿತು. ಸಂಜೆಯೊಳಗೆ ಕಂದು ಹಾಕಿತು, ದಿನ ತುಂಬದ ಅವಳಿ ಮರಿ.

ಯಾರೂ ಬೈಯಲಿಲ್ಲ. ಆ ಮನೆತನದಲ್ಲಿ ಅದೊಂದು ಕಟ್ಟು. ತನ್ನ ಕುರಿಯ ಮೈಮೇಲೆ ಕಲ್ಲು ಹಾಕಿದವನಿಗೆ ಬೈಗುಳವಿಲ್ಲ, ಹೊಡೆತವಿಲ್ಲ. ಮಾಳವ್ವ ಬೀರಪ್ಪನ ಭಂಡಾರದ ಅರಿಸಿನ ತಂದು ಅವನ ಬಲಗೈಯ ಅಂಗೈಗೆ ಒತ್ತಿದಳು. ಆಮೇಲೆ ಅದೇ ಕೈ ಹಿಡಿಯುತ್ತಿದ್ದ ಕೋಲನ್ನು ತಾನು ತೆಗೆದುಕೊಂಡಳು. ಇನ್ನು ಮುಂದೆ ಹಿಂಡಿನ ಮುಂದೆ ಅವನು ಇಲ್ಲ. ಎಳೆ ಮರಿಗಳ ಜೋಳಿಗೆಯನ್ನು ಕೊರಳಿಗೆ ಹಾಕಿಕೊಂಡು ಎಲ್ಲರ ಹಿಂದೆ, ಸಾಮಾನು ಹೊತ್ತ ತಟ್ಟು ಕುದುರೆಯ ಪಕ್ಕದಲ್ಲಿ ನಡೆಯಬೇಕು. ಆ ಕೆಲಸ ಮುದುಕಿಯರದು, ಬಾಣಂತಿಯರದು. ನಾಲ್ಕು ಬೈದಿದ್ದರೆ ಅವನು ತಿರುಗಿ ಏನಾದರೂ ಅನ್ನುತ್ತಿದ್ದ, ಎದೆ ಹಗುರಾಗುತ್ತಿತ್ತು. ಅದಕ್ಕೂ ದಾರಿ ಇರಲಿಲ್ಲ.

ಜೋಳಿಗೆಯಿಂದ ಮರಿಗಳು ತಲೆ ಹೊರಹಾಕಿ ಕೂಗುತ್ತಿದ್ದವು. ಮೀಸೆ ಬಂದ ಗಂಡಸಿನ ಎದೆಯ ಮೇಲೆ ಮರಿಗಳನ್ನು ಕಂಡ ಬಾವಿಕಟ್ಟೆಯ ಹೆಂಗಸರು ನಗುವುದು ಅವನಿಗೆ ಕೇಳಿಸುತ್ತಿತ್ತು. ಬಿಸಿಲಿದ್ದರೂ ಅವನು ಕಂಬಳಿಯನ್ನು ಹಣೆಯವರೆಗೆ ಎಳೆದುಕೊಂಡು ನಡೆಯುತ್ತಿದ್ದ. ಒಂದು ದಿನ ನಿಲಂಗಾದ ರಸ್ತೆಯಲ್ಲಿ ಕಾಸಾರಶಿರಸಿಯ ಬಳೆಗಾರನೊಬ್ಬ ಎದುರಾದ. ಗಡಿಗೆ ಒಡೆದ ಅಮೃತಪ್ಪ ನೀನೇ ಅಲ್ಲವೇ ಎಂದು ನಿಲ್ಲಿಸಿ ಕೇಳಿದ.

"ಅಂವಾ ಬ್ಯಾರೆ ಅದಾನ್ರಿ," ಎಂದ ಅಮೃತಪ್ಪ.

ಬಳೆಗಾರ ತನ್ನ ದಾರಿ ಹಿಡಿದ. ತನ್ನನ್ನು ತಾನೇ ಇಲ್ಲವೆಂದು ಹೇಳಿಕೊಂಡೆನಲ್ಲ ಎಂದು ಅಮೃತಪ್ಪ ಆ ದಿನವೆಲ್ಲ ತನ್ನನ್ನೇ ಹಳಿದುಕೊಂಡ. ತಟ್ಟು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ ಅಂಜನಾಬಾಯಿಯೂ ಅದನ್ನು ಕೇಳಿದ್ದಳು. ಅದು ಅವನಿಗೆ ಹೆಚ್ಚು ಚುಚ್ಚಿತು.

ಹಿಂಡನ್ನು ಈಗ ಮಾಳವ್ವನೇ ತಿರುಗಿಸುತ್ತಿದ್ದಳು. ಆಕೆಯ ಹೆಗಲು ಹಿಡಿದುಕೊಂಡು ತೋಳು ಕಿವಿಯ ಮೇಲೆ ಏಳದಂತಾಯಿತು. ವಲಾಂಡಿಯ ಕಲ್ಯಾಣಪ್ಪನ ಹೊಲಕ್ಕೆ ಹೋಗುವ ದಿನ ಹತ್ತಿರ ಬಂದಿತ್ತು. ಕಲ್ಯಾಣಪ್ಪ ಶಿವಭಕ್ತರ ಮನೆತನದ ದೊಡ್ಡ ಒಕ್ಕಲಿಗ, ಮಾಳವ್ವನ ಮಾವನ ಕಾಲದಿಂದ ಇವರದೇ ಕುರಿ ತರುಬಿಸುತ್ತಿದ್ದ ಮನೆ. ಅಲ್ಲಿ ಬೆಳೆಗೆ ಬಾಯಿ ಬಿದ್ದರೆ ಸುತ್ತಿನ ಯಾರೂ ಇವರನ್ನು ಕರೆಯುವುದಿಲ್ಲ. ಮಾಳವ್ವ ಅಳಿಯನನ್ನು ಕೂಡಿಸಿಕೊಂಡು ನೆಟ್ಟಗೆ ಹೇಳಿದಳು.

"ಅಮೃತಾ, ನನ್ನ ಹೆಗಲ ಏಳವಲ್ದು. ವಲಾಂಡಿಗಿ ಹೋಗೂದ್ರಾಗ ಮುಂದ ನಿಲ್ಲಾವ ಒಬ್ಬ ಬೇಕು. ಧೂಳಪ್ಪಗ ಹೇಳಿ ಕಳಿಸೀನಿ. ನೀ ಕಲತಿ ಅಂದ್ರ ಅಂವಾ ಉಂಡು ತನ್ನ ಊರಿಗಿ ಹೋಗ್ತಾನ. ಇಲ್ಲಂದ್ರ ಮುಂದ ಅಂವಾನೇ."

ಧೂಳಪ್ಪ ಎಂದರೆ ಮಾಳವ್ವನ ಮೈದುನನ ಮಗ, ಜಳಕೋಟದವನು. ಒಮ್ಮೆ ಅವನು ಮುಂದೆ ನಿಂತನೆಂದರೆ ಅದು ಆ ವರ್ಷಕ್ಕೆ ಮುಗಿಯುವ ಮಾತಲ್ಲ. ಅಮೃತಪ್ಪ ಹೆಂಡತಿಯ ಮನೆಯಲ್ಲಿ ಕೊನೆಯವರೆಗೆ ಮರಿ ಹೊರುವವನಾಗಿ ಉಳಿಯಬೇಕು. ಅವನಿಗೆ ಇದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಮಧ್ಯಾಹ್ನ ಕುರಿಗಳು ಬೇವಿನ ನೆರಳಿಗೆ ಮಲಗಿದಾಗ ಅವನು ಬದುವಿನ ಮರೆಗೆ ಹೋಗಿ ಹೆಂಟೆ ಎಸೆಯಲು ಶುರು ಮಾಡಿದ. ಜೋರಾಗಿ ಹೋಗದಿರಲಿ ಎಂದು ತೋಳನ್ನೇ ಮೆಲ್ಲಗೆ ಬೀಸಿದ. ಬುದ್ಧಿವಂತನೆಂದುಕೊಂಡವನು ಮೊದಲು ಮಾಡುವುದು ಇದನ್ನೇ. ಹೆಂಟೆ ಮೆತ್ತಗೆ ಹೋಗಿ ಬಿತ್ತು, ಬೇಕಾದಲ್ಲಿಯೇ ಬಿತ್ತು. ಅವನಿಗೆ ಜೀವ ಬಂದ ಹಾಗಾಯಿತು. ಹಿಂಡು ಎದ್ದ ಮೇಲೆ ಯಾರೂ ನೋಡದಾಗ ಟಗರಿನ ಮುಂದೆ ಹಾಗೇ ಒಂದು ಎಸೆದ. ಟಗರು ಅವನ ಕಡೆ ಒಂದು ಸಲ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಇನ್ನೊಂದು ಎಸೆದ. ಈ ಸಲ ನೋಡಲೂ ಇಲ್ಲ.

ಯಾರೂ ನೋಡಲಿಲ್ಲ ಎಂದುಕೊಂಡಿದ್ದ. ಅಂಬಲಿ ತಂದಿದ್ದ ಅಂಜನಾಬಾಯಿ ಹಿಂದೆಯೇ ನಿಂತಿದ್ದಳು. ಆಕೆ ನಡೆಯಲು ಕಲಿತಾಗಿನಿಂದ ಹಿಂಡಿನ ಜೊತೆ ಬೆಳೆದವಳು. ಈ ಎಸೆತ ಆಕೆಗೆ ರೊಟ್ಟಿ ಬಡಿದಷ್ಟು ಸಲೀಸು. ಆದರೂ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಗಂಡ ತಾನಾಗಿ ಕೇಳದೆ ಕಲಿಸಿದರೆ ಅವನ ಮಾನ ಹೋಗುತ್ತದೆಂದು ಆಕೆ ತಿಳಿದಿದ್ದಳು. ಅವನಿಗೆ ಕೇಳಲು ಬಾಯಿ ಬರುತ್ತಿರಲಿಲ್ಲ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಎಷ್ಟು ಒಳ್ಳೆಯ ದಿನಗಳನ್ನು ಹಾಳು ಮಾಡಿಕೊಂಡಿದ್ದರೋ.

ಕೊನೆಗೆ ಆಕೆಯೇ ಅಂದಳು: "ಕುರಿ ಹೆಂಟಿ ನೋಡಂಗಿಲ್ರಿ, ಹೆಗಲ ನೋಡ್ತಾವ. ತೋಳ ಜೋರ ಬೀಸಬೇಕು, ಕೊಲ್ಲಾಕ ಬಂದಂಗ. ಹೆಂಟಿ ಅಷ್ಟ ತಡಾ ಮಾಡಿ ಹೋಗಬೇಕು."

ತೋಳು ಜೋರಾಗಿ ಬೀಸಿದರೆ ಹೆಂಟೆ ಹೇಗೆ ಮೆತ್ತಗೆ ಹೋಗುತ್ತದೆ ಎಂದು ಅವನು ಸಿಟ್ಟಿನಿಂದ ಕೇಳಿದ. ಆಕೆ ಅಂಬಲಿ ಕೆಳಗಿಟ್ಟು ಬದುವಿನ ಬುಡದ ಮಣ್ಣು ಕೆದರಿದಳು. ಮೇಲಿನ ಒಣ ಹೆಂಟೆಗಳನ್ನು ಬಿಟ್ಟು ಒಳಗೆ ತಂಪು ಇದ್ದದ್ದನ್ನು ಆರಿಸಿದಳು, ಹೆಬ್ಬೆರಳ ಉಗುರು ಊರಿದರೆ ಇಳಿಯುವಂಥದ್ದು. ಅವನ ಅಂಗೈಯ ಗುಂಡಿಯಲ್ಲಿ ಅದನ್ನು ತುಂಬಿ ಕೂಡಿಸಿದಳು. ಹೆಬ್ಬೆರಳು ಈ ಕಡೆ, ಕಿರುಬೆರಳು ಆ ಕಡೆ, ಹಿಡಿತವೆಲ್ಲ ಆ ಎರಡರದೇ. ನಡುವಿನ ಬೆರಳುಗಳು ಮೇಲೆ ಸುಮ್ಮನೆ ಒರಗಿರಬೇಕು. ಬೆರಳ ತುದಿ ಹೆಂಟೆಯನ್ನು ತಳ್ಳಿತೆಂದರೆ ಓಟ ಹುಟ್ಟುತ್ತದೆ. ಬಿಡುವಾಗ ಮಣಿಕಟ್ಟು ಝಾಡಿಸಬಾರದು, ಬಾವಿಯ ಹಗ್ಗ ಜಗ್ಗಿದಂತೆ ಕೈಯನ್ನು ಹಾಗೇ ಕೆಳಗೆ ಎಳೆದುಬಿಡಬೇಕು. ಹೇಳಿ, ಆಕೆ ತಾನೊಂದು ಎಸೆದು ತೋರಿಸಿದಳು. ತೋಳು ಸರ್ರನೆ ಬಂತು. ಹೆಂಟೆ ಮಾತ್ರ ಅವಸರವಿಲ್ಲದೆ ಹೋಗಿ, ಟಗರಿನ ಬದಲಿಗೆ ಗುರಿಯೆಂದು ಅವನು ಇಟ್ಟಿದ್ದ ಬುಟ್ಟಿಯ ಮುಂದೆ ಪುಡಿಯಾಯಿತು. ಕಣ್ಣು ಮೊದಲು ತೋಳನ್ನು ನಂಬಿ ಆಮೇಲೆ ಮೋಸಹೋಗುವಂಥ ಎಸೆತ ಅದು.

ಅಮೃತಪ್ಪನ ಕೈಗೆ ಅದು ಬರಲಿಲ್ಲ. ಕವಣೆ ಪಳಗಿಸಿದ ಬೆರಳುಗಳು ಕೊನೆಯ ಗಳಿಗೆಯಲ್ಲಿ ತಾವಾಗಿ ತುದಿಗೆ ಬಂದು ಹೆಂಟೆಯನ್ನು ತಳ್ಳಿಬಿಡುತ್ತಿದ್ದವು. ಬೆರಳು ಬಿಗಿ ಹಿಡಿದರೆ ಹೆಂಟೆ ಅಂಗೈಯಲ್ಲೇ ಒಡೆಯಿತು. ಸಡಿಲು ಬಿಟ್ಟರೆ ಹಿಂದಕ್ಕೆ ಜಾರಿ ಅವನ ಬೆನ್ನ ಮೇಲೇ ಉದುರಿತು. ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಇವನು ತನ್ನ ತಲೆಗೆ ತಾನೇ ಮಣ್ಣು ಹಾಕಿಕೊಳ್ಳುವುದನ್ನು ಚೆನ್ನಾಗಿ ನೋಡಿಕೊಂಡು ಹೋದ. ಆ ದಿನ ಅಮೃತಪ್ಪ ಹೆಂಡತಿಯ ಮೇಲೆ ರೇಗಿದ. ಇದು ಹೆಂಗಸರ ಎಸೆತ, ಗಂಡಸಿನ ಕೈಗೆ ಹೇಳಿದ್ದಲ್ಲ ಎಂದ.

"ಹೌದ್ರಿ," ಎಂದಳು ಅಂಜನಾಬಾಯಿ. "ಕಂದು ಹಾಕಿದ್ದೂ ಹೆಣ್ಣ ಕುರಿನೇ."

ಅಷ್ಟು ಹೇಳಿ ಆಕೆ ಖಾಲಿ ಗಡಿಗೆ ಎತ್ತಿಕೊಂಡು ಹೋದಳು. ಅವನು ಕೂತಲ್ಲೇ ಕೂತ. ಮುಖಕ್ಕೆ ಉಗುಳಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಆ ಕುರಿ ಇನ್ನೂ ಹಿಂಡಿನಲ್ಲಿತ್ತು, ಅವನು ಹತ್ತಿರ ಹೋದರೆ ಪಕ್ಕಕ್ಕೆ ಸರಿಯುತ್ತಿತ್ತು. ತಾನು ಇಷ್ಟು ದಿನ ಅತ್ತದ್ದೆಲ್ಲ ಕಿತ್ತುಕೊಂಡ ಕೋಲಿಗಾಗಿ, ಆ ಜೀವಕ್ಕಾಗಿ ಅಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ಮರುದಿನ ಅವನಾಗಿಯೇ ಹೆಂಡತಿಯನ್ನು ಕರೆದು, ಇನ್ನೊಂದು ಸಲ ತೋರಿಸು ಎಂದ.

ಆಮೇಲಿನದು ಬರೀ ಬೆವರು. ನಡೆಯುವಾಗಲೂ ಅವನು ಜೋಳಿಗೆಯ ಮರೆಯಲ್ಲಿ ಒಂದು ಹೆಂಟೆಯನ್ನು ಅಂಗೈಯಲ್ಲಿ ಹಿಡಿದೇ ಇರುತ್ತಿದ್ದ. ಬೆರಳುಗಳಿಗೆ ಸುಮ್ಮನಿರುವುದನ್ನು ಕಲಿಸಬೇಕಲ್ಲ. ಬಲವಿದ್ದವನಿಗೆ ಅದಕ್ಕಿಂತ ಕಷ್ಟದ ಪಾಠ ಇಲ್ಲ. ಮೊದಲು ಮೆತ್ತಗೆ ಹೋಗುವುದು ಬಂತು, ಆದರೆ ಎಲ್ಲೆಂದರಲ್ಲಿ ಬೀಳುತ್ತಿತ್ತು. ನೋಟವನ್ನು ಟಗರಿನ ಮೇಲಿಡದೆ ಅದರ ಮುಂದಿನ ನೆಲದ ಮೇಲೆ ಇಡಿ ಎಂದಳು ಅಂಜನಾಬಾಯಿ. ಗುರಿಗಾರನಿಗೆ ಗುರಿಯನ್ನು ಬಿಟ್ಟು ನೋಡು ಅಂದರೆ ಹೇಗಾಗಬೇಡ. ಅದನ್ನೂ ಕಲಿತ. ಒಂದು ಮಧ್ಯಾಹ್ನ ಸಾಲಾಗಿ ಎಸೆದ ಹೆಂಟೆಗಳೆಲ್ಲ ಬುಟ್ಟಿಯ ಮುಂದೆ ಒಂದೇ ಕಡೆ ಪುಡಿಯಾಗಿ ಗುಪ್ಪೆ ಬಿದ್ದವು. ಅಂಜನಾಬಾಯಿ ಗುಪ್ಪೆಯನ್ನು ನೋಡಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಕ್ಕಳೆಂದು ಅವನಿಗೆ ಗೊತ್ತಾಯಿತು.

ಧೂಳಪ್ಪ ಹೇಳಿದ ದಿನಕ್ಕೆ ಬಂದ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಬಂದವನೇ ಅಮೃತಪ್ಪನ ಕೊರಳಿನ ಜೋಳಿಗೆಯನ್ನು ತಾನು ಹೊರುತ್ತೇನೆಂದು ಕೈ ಚಾಚಿದ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ವಲಾಂಡಿ ಮುಟ್ಟಿದರು. ಕಲ್ಯಾಣಪ್ಪ ಹೊಲದಲ್ಲೇ ನಿಂತಿದ್ದ, ಅವನ ಆಳುಗಳೂ ಇದ್ದರು. ಹಿಂಡು ಬಂದ ಮೊದಲ ದಿನ ಕುರಿಗಾರರಿಗೆ ಊಟ ಕೊಡುವುದು ಆ ಮನೆಯ ಪದ್ಧತಿ. ಕಲ್ಯಾಣಪ್ಪನ ಹೆಂಡತಿ ರಂಭಾಬಾಯಿ ಮಾಡಿಟ್ಟಿದ್ದ ಬುತ್ತಿ ತರಲು ಅಂಜನಾಬಾಯಿ ಊರೊಳಗೆ ಹೋದಳು.

ಆಕೆ ಹೋದ ಮೇಲೆ ಹಿಂಡು ಹೊಲದಲ್ಲಿ ಹರಡಿಕೊಂಡಿತು. ಧೂಳಪ್ಪ ಆ ಬದಿಯಲ್ಲಿ ತಟ್ಟುವಿನ ಹೊರೆ ಇಳಿಸುತ್ತಿದ್ದ. ಟಗರು ತಲೆ ಎತ್ತಿ ಗಾಳಿ ಮೂಸಿ, ಹಸಿರು ಜೋಳದ ಕಡೆ ನೆಟ್ಟಗೆ ನಡೆಯಿತು. ಅದರ ಹಿಂದೆ ಮಿಕ್ಕವೂ ಹೊರಟವು. ಮಾಳವ್ವ ಬಾಗಿ ಹೆಂಟೆ ಎತ್ತಿಕೊಂಡಳು. ತೋಳು ಅರ್ಧಕ್ಕೆ ಏರಿ ಅಲ್ಲೇ ನಿಂತಿತು. ನೋವಿಗೆ ಆಕೆಯ ಮುಖ ಹಿಂಡಿಕೊಂಡದ್ದನ್ನು ಅಮೃತಪ್ಪ ಕಂಡ. ಜೋಳಿಗೆಯನ್ನು ಕೆಳಗಿಟ್ಟ, ತಂಪು ಹೆಂಟೆ ಕಿತ್ತುಕೊಂಡ, ಅಂಗೈಯಲ್ಲಿ ಕೂಡಿಸಿದ. ಕೋಲು ಇಲ್ಲದವನು ಹೆಂಟೆ ಎತ್ತುವುದು ತಪ್ಪು. ಅದನ್ನೆಲ್ಲ ಯೋಚಿಸುವಷ್ಟು ಹೊತ್ತು ಇರಲಿಲ್ಲ. ಕೊಲ್ಲಲು ಬಂದವನಂತೆ ತೋಳು ಬೀಸಿದ.

ಹೆಂಟೆ ಟಗರಿನ ಮೂತಿಯ ಮುಂದೆ ಗೇಣುದ್ದದಲ್ಲಿ ಬಿದ್ದು ಪುಡಿಯಾಯಿತು. ಟಗರು ನಿಂತಿತು, ಹೊರಳಿತು. ಹಿಂಡು ಹೊರಳಿತು. ಜೋಳದ ಒಂದು ಗರಿಯೂ ಮುರಿಯಲಿಲ್ಲ. ಕಲ್ಯಾಣಪ್ಪ ಶಹಬಾಸ್ ಎಂದ. ಮಾಳವ್ವ ಬಂದು ಕೋಲನ್ನು ಅಳಿಯನ ಕೈಯಲ್ಲಿಟ್ಟಳು. ಇನ್ನು ತಾನು ಉಳಿಯಬೇಕಿಲ್ಲವೆಂದು ಧೂಳಪ್ಪ ನಗುತ್ತ ಹೊರೆ ಬಿಚ್ಚುವುದನ್ನು ನಿಲ್ಲಿಸಿದ. ಅಮೃತಪ್ಪನ ಎದೆ ಒಂದೇ ಒಂದು ಗಳಿಗೆ ಉಬ್ಬಿತು. ಆಮೇಲೆ ಟಗರು ಬಿಟ್ಟುಹೋದ ಜಾಗದ ಆಚೆ, ಬದುವಿನ ಮೇಲೆ ಅವನ ಕಣ್ಣು ಹೋಯಿತು.

ಊರಿನಿಂದ ಬುತ್ತಿ ಹೊತ್ತು ಬರುತ್ತಿದ್ದ ಅಂಜನಾಬಾಯಿ ಅಲ್ಲಿ ನೆಲಕ್ಕೆ ಕುಕ್ಕರಿಸಿದ್ದಳು. ಇವನಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು. ಬುತ್ತಿಯ ಬುಟ್ಟಿ ಮಗುಚಿ ರೊಟ್ಟಿಗಳು ಮಣ್ಣಿನಲ್ಲಿ ಚೆಲ್ಲಿದ್ದವು.

ಉಳಿದವರೆಲ್ಲ ಹಿಂಡನ್ನು ನೋಡುತ್ತಿದ್ದರು. ಕಂಡವನು ಇವನೊಬ್ಬನೇ. ಆ ಹೆಂಟೆ ಮೆತ್ತಗೆ ಬೀಳುತ್ತದೆಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಆಕೆಗೆ. ಆಕೆಯೇ ಬೆರಳು ಬಿಡಿಸಿ ಕೂಡಿಸಿದ ಎಸೆತ. ಅವನು ಓಡಿಹೋಗಿ ಪಕ್ಕದಲ್ಲಿ ಕೂತ. ಆಕೆ ಆಗಲೇ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಬಡಿದು ಬುಟ್ಟಿಗೆ ಹಾಕುತ್ತಿದ್ದಳು. ನೀನೇ ಕಲಿಸಿದವಳಲ್ಲವೇ, ನಿನಗೂ ಗೊತ್ತಾಗಲಿಲ್ಲವೇ ಎಂದು ಅವನು ಕೇಳಿದ.

"ಕೈಯಾಗ ಹ್ಯಾಂಗ ಹಿಡದೀರಿ ಅಂತ ನನಗ ಇಲ್ಲಿಂದ ಹ್ಯಾಂಗ ಕಾಣಬೇಕ್ರಿ," ಎಂದಳು ಆಕೆ, ತಲೆ ಎತ್ತದೆ. "ತೋಳ ಕಾಣಿಸ್ತು."

ಊಟಕ್ಕೆ ಕೂತಾಗ ಮಾಳವ್ವನ ಹಲ್ಲಿಗೆ ಮಣ್ಣು ಸಿಕ್ಕಿತು. ಗಂಡ ಮುಂದಕ್ಕೆ ಬಂದ ದಿನವೇ ಮನೆಯವರಿಗೆ ಮಣ್ಣು ತಿನ್ನಿಸುತ್ತೀಯಲ್ಲ ಎಂದು ಮಗಳನ್ನು ಗದರಿದಳು. ಬದುವಿನ ಮೇಲೆ ಎಡವಿದೆನೆಂದು ಅಂಜನಾಬಾಯಿ ಹೇಳಿದಳು. ನೋಡಿ ನಡೆಯಬಾರದೇ ಎಂದು ಮಾಳವ್ವ ಮತ್ತೆರಡು ಅಂದಳು. ಕಲ್ಯಾಣಪ್ಪನ ಆಳುಗಳ ಮುಂದೆ, ಧೂಳಪ್ಪನ ಮುಂದೆ ಅಂದಳು. ಆಕೆ ಎಡವಲಿಲ್ಲ, ನನಗೆ ಹೆದರಿ ಕೂತಳು ಎಂದು ಗಂಡ ಒಂದು ಮಾತು ಆಡಿದ್ದರೆ ಸಾಕಿತ್ತು. ಅಮೃತಪ್ಪನ ತೊಡೆಯ ಮೇಲೆ ಕೋಲು ಇತ್ತು. ಅವನು ಮಣ್ಣು ಹತ್ತಿದ ರೊಟ್ಟಿಯನ್ನು ಅಗಿದು ನುಂಗಿದ, ಬಾಯಿ ಬಿಡಲಿಲ್ಲ. ಹೆಂಡತಿಯ ಬೆನ್ನಿನ ಮರೆಯಲ್ಲಿ ತನ್ನ ಶಹಬಾಸ್‌ಗಿರಿ ಕಾಪಾಡಿಕೊಂಡ ಈ ಗಳಿಗೆಗೆ ನಾನು ಅವನನ್ನು ಕ್ಷಮಿಸುವುದಿಲ್ಲ. ಅವನೂ ಕ್ಷಮಿಸಿಕೊಳ್ಳಲಿಲ್ಲವೆಂದು ಕಾಣುತ್ತದೆ.

ಬೆಳಿಗ್ಗೆ ಅವನು ಹಿಂಡಿನ ಮುಂದೆ ನಿಂತಿದ್ದ. ಊರಿಗೆ ಹೊರಟಿದ್ದ ಧೂಳಪ್ಪ ಮಾಳವ್ವನಿಗೆ ಹೇಳಿಹೋಗಲು ಬಂದಿದ್ದ, ಆಳುಗಳು ಬದುವಿನ ಮೇಲೆ ಕೂತಿದ್ದರು. ಟಗರು ಮತ್ತೆ ಜೋಳಕ್ಕೆ ಮುಖ ಮಾಡಿತು. ಆಚೆ ಅಂಜನಾಬಾಯಿ ನೀರಿನ ಕೊಡ ಹೊತ್ತು, ಕಾಲ ಬುಡ ನೋಡಿಕೊಂಡು ಬರುತ್ತಿದ್ದಳು. ಅಮೃತಪ್ಪ ಹೆಂಟೆ ಹಿಡಿದ. ತೋಳು ಎತ್ತಲಿಲ್ಲ.

"ಅಂಜನಾ," ಎಂದು ಕೂಗಿದ.

ಗಂಡನಾದವನು ನಾಲ್ಕು ಜನರ ನಡುವೆ ಹೆಂಡತಿಯ ಹೆಸರು ಹಿಡಿದು ಕೂಗುವುದು ನಮ್ಮ ಕಡೆ ಆಗ ಇರಲಿಲ್ಲ. ಏನೇ ಎಂದೋ, ಇವಳೇ ಎಂದೋ ಕರೆದು ಆಯುಷ್ಯ ಕಳೆಯುತ್ತಿದ್ದರು. ಆಳುಗಳು ಕಿಸಕ್ಕನೆ ನಕ್ಕರು. ಮಾಳವ್ವ ನಾಚಿ ಸೆರಗು ಬಾಯಿಗಿಟ್ಟುಕೊಂಡು ಆ ಕಡೆ ತಿರುಗಿದಳು. ಧೂಳಪ್ಪನಂಥ ಸಂಭಾವಿತನೂ ನೆಲ ನೋಡುತ್ತ ನಕ್ಕ. ಈ ಕೂಗಿನಿಂದ ಅವನಿಗೆ ಅಂಟಿದ ಅಡ್ಡಹೆಸರು ಸಾಯುವ ತನಕ ಬಿಡಲಿಲ್ಲ, ಏಕೆಂದರೆ ಅವನು ಮುಂದೆ ಪ್ರತಿ ಸಲವೂ ಕೂಗಿದ, ಪ್ರತಿ ಸಲವೂ ಕಿವಿಯ ತನಕ ಕೆಂಪಾದ. ಆ ಬೆಳಿಗ್ಗೆ ಈ ತಡದಲ್ಲಿ ಟಗರು ಕಲ್ಯಾಣಪ್ಪನ ಜೋಳದ ಒಂದು ಗಿಡಕ್ಕೆ ಬಾಯಿ ಹಾಕಿಯೇಬಿಟ್ಟಿತು.

"ಅಂಜನಾ, ಕೈ ಎತ್ತಲಕತ್ತೀನಿ."

ಆಕೆ ತಲೆ ಎತ್ತಿ ಅವನನ್ನು ನೋಡಿದಳು. ಅವನ ತೋಳು ಸರ್ರನೆ ಬಂತು, ಹೆಂಟೆ ತಡ ಮಾಡಿ ಹೋಗಿ ಟಗರಿನ ಮುಂದೆ ಒಡೆಯಿತು. ಅಂಜನಾಬಾಯಿ ಕೊಡ ಹೊತ್ತುಕೊಂಡು ನಿಂತಲ್ಲೇ ನಿಂತಿದ್ದಳು, ಮುಖ ಅವನ ಕಡೆಗೇ ಇತ್ತು.